ಹಳಿಯಿಲ್ಲದ ಸ್ಟೇಷನ್ನಿನ ಹಿಂಬದಿಯ ಮನೆ

ನಾನು ಡಿಗ್ರಿ ಮಾಡುವುದು ಆಗದ ಮಾತು ಎಂದು ಮೊದಲು ಹೇಳಿದವಳು ಹನೂರಿನ ನನ್ನ ಸೋದರತ್ತೆ ಚಿಕ್ಕತಾಯಮ್ಮ. ನಮ್ಮ ನಡುಮನೆಯಲ್ಲಿ ಕಾಲು ಚಾಚಿ ಕೂತು, ಎಲೆಅಡಿಕೆ ಜಗಿಯುತ್ತ, ನನ್ನೆದುರೇ ನಮ್ಮಪ್ಪನಿಗೆ ಹೇಳಿದಳು.

"ನಮ್ ಪೈಕಿ ಗಂಡುಸ್ರೇ ನಾಕನೇ ಕ್ಲಾಸು ದಾಟ್ನಿಲ್ಲ. ಈ ಎಣ್ಣು ಮೈಸೂರ್ಗೋಗಿ ಓದಿ ಪಾಸಾದದಾ? ಆಗೋದಲ್ಲ ಓಗೋದಲ್ಲ. ಸುಮ್ಕೆ ನನ್ ಮಗನ್ಗೆ ಕೊಟ್ಬುಡು ತಮ್ಮಯ್ಯ."

ಅತ್ತೆ ಕೆಟ್ಟವಳಲ್ಲ. ಅವಳ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಅವ್ವನಿಗೂ ಬರುತ್ತಿರಲಿಲ್ಲ, ಅವರಪ್ಪ ಅವ್ವಂದಿರಿಗೆ ಅಕ್ಷರ ಎಂಬುದೊಂದು ಇದೆ ಎನ್ನುವುದು ಕಂದಾಯದ ಹೊತ್ತಿನಲ್ಲಿ ಮಾತ್ರ ಗೊತ್ತಾಗುತ್ತಿತ್ತು. ಇವತ್ತಿಗೂ ಯಾವುದಾದರೂ ಕಾಗದದಲ್ಲಿ ನನ್ನ ಹೆಸರಿನ ಮುಂದೆ ಬಿ.ಎ. ಎಂದು ಬರೆಯುವಾಗ ಎದೆ ಉಬ್ಬುತ್ತದೆ. ಅದನ್ನು ಮುಚ್ಚಿಟ್ಟುಕೊಳ್ಳುವಷ್ಟು ವಿನಯ ನನ್ನಲ್ಲಿಲ್ಲ. ಆದರೆ ಆ ಎರಡಕ್ಷರ ನನಗೆ ಬಂದ ಬಗೆ ಹೇಳಬೇಕಾದರೆ ನಾನು ಬೆಳೆದ ಮನೆಯನ್ನು ಹೇಳಬೇಕು, ಮನೆಯನ್ನು ಹೇಳಬೇಕಾದರೆ ಕೊಳ್ಳೇಗಾಲದ ರೈಲ್ವೆ ಸ್ಟೇಷನ್ನನ್ನು ಹೇಳಬೇಕು.

ಈಗಿನವರು ಕೇಳಿದರೆ ನಗುತ್ತಾರೆ. ಕೊಳ್ಳೇಗಾಲಕ್ಕೆ ರೈಲು ಅಂದೂ ಇರಲಿಲ್ಲ, ಇಂದೂ ಇಲ್ಲ. ಸ್ಟೇಷನ್ ಮಾತ್ರ ಇತ್ತು. ರೈಲ್ವೆಯವರು ಅದನ್ನು ಔಟ್ ಏಜೆನ್ಸಿ ಎನ್ನುತ್ತಿದ್ದರು. ಹಳಿ ಬಾರದ ಊರಿನಲ್ಲಿ ಒಬ್ಬ ಕಂಟ್ರಾಕ್ಟರು ರೈಲ್ವೆಯ ಪರವಾಗಿ ಒಂದು ಕಚೇರಿ ಇಡುವುದು, ಅಲ್ಲಿ ರೈಲಿನ ಟಿಕೆಟ್ ಕೊಡುವುದು, ಪಾರ್ಸೆಲ್ ಬುಕ್ ಮಾಡಿಕೊಳ್ಳುವುದು, ಜನವನ್ನೂ ಮಾಲನ್ನೂ ಒಂದೇ ಲಾರಿಗೆ ಹತ್ತಿಸಿ ಅಗರ, ಯಳಂದೂರು, ಸಂತೇಮರಹಳ್ಳಿ ದಾಟಿಸಿ ಚಾಮರಾಜನಗರದ ರೈಲಿಗೆ ಮುಟ್ಟಿಸುವುದು. ಇಷ್ಟೇ ಅದರ ಕೆಲಸ. ಆದರೆ ನಮ್ಮೂರಿನವರ ಬಾಯಲ್ಲಿ ಅದು ಟೇಸನ್ನೇ. ಅಲ್ಲಿ ಕಬ್ಬಿಣದ ಸರಳಿನ ಟಿಕೆಟ್ ಕಿಟಕಿ ಇತ್ತು, ರಟ್ಟಿನ ಪುಟ್ಟ ಟಿಕೆಟ್ಟುಗಳನ್ನು ಜೋಡಿಸಿಟ್ಟ ಬೀರು ಇತ್ತು, ನೆಲಕ್ಕೆ ಹೂತ ದೊಡ್ಡ ತೂಕದ ಯಂತ್ರ ಇತ್ತು, ಬಾಗಿಲಲ್ಲಿ ಗಂಟೆಯ ಬದಲು ಕಬ್ಬಿಣದ ಒಂದು ಹಳಿಯ ತುಂಡನ್ನು ನೇತುಹಾಕಿದ್ದರು. ಇಡೀ ತಾಲ್ಲೂಕಿನಲ್ಲಿ ಇದ್ದ ರೈಲ್ವೆ ಹಳಿ ಅದೊಂದೇ, ಮೊಳದುದ್ದದ್ದು. ಬುಕಿಂಗ್ ಕ್ಲರ್ಕು ನಂಜುಂಡಯ್ಯನವರು ಕಂಟ್ರಾಕ್ಟರ ಸಂಬಳದ ಆಳು. ಆದರೆ ಮೈಸೂರಿನಿಂದ ತಾವೇ ಒಂದು ಹಳೆಯ ಕಪ್ಪು ಕೋಟು ಕೊಂಡು ತಂದು, ಲಾರಿ ಹೊರಡುವ ಹೊತ್ತಿಗೆ ಸರಿಯಾಗಿ ತೊಟ್ಟುಕೊಳ್ಳುತ್ತಿದ್ದರು. ಊರೆಲ್ಲ ಅವರನ್ನು ಟೇಸನ್ ಮಾಸ್ಟ್ರು ಎಂದೇ ಕರೆಯಿತು. ಅವರೂ ಬೇಡ ಎನ್ನಲಿಲ್ಲ.

ಮುಂದಿನ ಕೋಣೆ ಸ್ಟೇಷನ್ನು. ಹಿಂದಿನ ಎರಡು ಕೋಣೆ ಮತ್ತೊಂದು ಹೊಗೆ ಹಿಡಿದ ಅಡುಗೆಮನೆ ನಮ್ಮದು. ಅಪ್ಪ ಪುಟ್ಟಮಾದಯ್ಯ ಸ್ಟೇಷನ್ನಿನ ಹಮಾಲಿ. ಕೌದಳ್ಳಿಯ ಕಡೆಯಿಂದ ಸೀಗೆಕಾಯಿ ಮೂಟೆಯ ಗಾಡಿಯ ಜೊತೆ ಬಂದವನು, ಮೂಟೆ ಇಳಿಸಿ ಅಲ್ಲೇ ಉಳಿದುಬಿಟ್ಟನಂತೆ. ಕಾವಲಿಗೂ ಆಯಿತು ಎಂದು ಕಂಟ್ರಾಕ್ಟರು ಹಿಂಬದಿಯಲ್ಲಿ ಸಂಸಾರ ಹೂಡಲು ಬಿಟ್ಟಿದ್ದರು. ಅವ್ವ ಪಕ್ಕದ ಬೀದಿಯ ನೇಕಾರರಿಗೆ ರೇಷ್ಮೆ ನೂಲು ಸುತ್ತಿ ಕೊಡುತ್ತಿದ್ದಳು. ಅವಳ ರಾಟೆಯ ಗಿರ್ ಸದ್ದು ಒಂದು ಕಡೆ, ತೂಕದ ಯಂತ್ರದ ಧಡಾರ್ ಸದ್ದು ಇನ್ನೊಂದು ಕಡೆ. ಎರಡರ ನಡುವೆ ನಾನು ಮಗ್ಗಿ ಕಲಿತೆ. ಮುಂದಿನ ಕೋಣೆಗೆ ಹಿಡಿಸದ ಪಾರ್ಸೆಲ್ಲುಗಳೆಲ್ಲ ನಮ್ಮ ನಡುಮನೆಗೆ ಬರುತ್ತಿದ್ದವು. ಹನೂರಿನ ಹುಣಸೆಹಣ್ಣು, ಬೆಟ್ಟದ ಜೇನಿನ ಡಬ್ಬ, ಸೀರೆಯ ಪೆಟ್ಟಿಗೆ, ಒಂದೊಂದು ಸಲ ಬುಟ್ಟಿಯೊಳಗೆ ಕೊಕ್ಕೊಕ್ ಎನ್ನುವ ಕೋಳಿ. ನಾವು ಉಣ್ಣುವಾಗ ಬೆನ್ನು ಆನಿಸುತ್ತಿದ್ದುದು ಯಾರದೋ ಮದುವೆಯ ಜವಳಿಗೆ. ಆ ಜವಳಿ ನಾಳೆ ಮದ್ರಾಸಿನಲ್ಲಿರುತ್ತದೆ, ನನ್ನ ಬೆನ್ನು ಆನಿಸಿದ್ದ ಗಂಟು ಸಮುದ್ರ ಇರುವ ಊರಿಗೆ ಹೋಗುತ್ತದೆ ಎಂದುಕೊಂಡರೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅಷ್ಟು ಸಂಭ್ರಮ ನನಗೆ.

ಇದರ ಸಲುವಾಗಿ ಅಪ್ಪ ಅವ್ವನ ನಡುವೆ ವಾರಕ್ಕೊಂದು ಜಗಳ ಇದ್ದೇ ಇರುತ್ತಿತ್ತು. ಒಂದು ಸಲ ಲಾರಿಯ ಗಾಲಿಯ ಅಚ್ಚು ಮುರಿದು ನಾಲ್ಕು ದಿನ ಹೊರಡಲಿಲ್ಲ. ನಡುಮನೆಯಲ್ಲಿ ಆರು ಚೀಲ ರೇಷ್ಮೆಗೂಡು. ಐದನೆಯ ದಿನ ಬೆಳಗ್ಗೆ ನಾನು ಕಣ್ಣುಬಿಟ್ಟಾಗ ಕಂಬಳಿಯ ಮೇಲೆ, ಗೋಡೆಯ ಮೇಲೆ, ಒಲೆಯ ದಿಂಡಿನ ಮೇಲೆ ಎಲ್ಲೆಲ್ಲೂ ಬಿಳಿ ಬಿಳಿ ಚಿಟ್ಟೆ. ಗೂಡು ಕೊರೆದು ಹೊರಬಂದಿದ್ದವು. ಹಾರಲು ಬಾರದ ಚಿಟ್ಟೆಗಳು, ರೆಕ್ಕೆ ಪಟಪಟ ಬಡಿಯುತ್ತ ನಮ್ಮ ತಟ್ಟೆಯ ಅಂಚಿನಲ್ಲಿ ಮೆರವಣಿಗೆ ಹೊರಟಿದ್ದವು. ಅವ್ವ ಸೌಟು ಹಿಡಿದು ನಿಂತುಬಿಟ್ಟಳು. ಇದು ಮನೆಯೋ ಗೋಡೌನೋ ಅದನ್ನು ಇವತ್ತೇ ತೀರ್ಮಾನ ಮಾಡು ಎಂದು ಅಪ್ಪನನ್ನು ಕೇಳಿದಳು. ಅಪ್ಪ ಎರಡೂ ಹೌದು ಎಂದ. ಆ ದಿನ ಅವನಿಗೆ ಹಿಟ್ಟು ಸಿಗಲಿಲ್ಲ. ನಾನು ಮಾತ್ರ ಚಿಟ್ಟೆಗಳನ್ನು ಲಂಗದ ತುಂಬ ತುಂಬಿಕೊಂಡು ಬೀದಿಗೆ ಓಡಿ, ನಮ್ಮ ಟೇಸನ್ನಲ್ಲಿ ಹುಟ್ಟಿದವು ನೋಡಿ ಎಂದು ಮನೆಮನೆಗೆ ತೋರಿಸಿ ಬಂದೆ.

ನನ್ನ ಮೊದಲ ಅಕ್ಷರವೂ ಅಲ್ಲಿಯದೇ. ನಮ್ಮ ತಾಲ್ಲೂಕು ಅಲ್ಲಿಯವರೆಗೆ ಮದರಾಸಿನ ಕಡೆಗಿತ್ತು, ಕೊಯಮತ್ತೂರು ಜಿಲ್ಲೆ. ಅದು ಮೈಸೂರಿಗೆ ಸೇರಿದ ವರ್ಷ ನನಗೆ ಐದೋ ಆರೋ. ಸ್ಟೇಷನ್ನಿನ ಬೋರ್ಡಿನಲ್ಲಿ ತಮಿಳೂ ಇಂಗ್ಲಿಷೂ ಇದ್ದವು. ಮೇಲೊಂದು ಸಾಲು ಕನ್ನಡ ಬರೆಯಲು ಪೇಂಟರ್ ಬಂದ. ಎರಡು ದಿನ ಏಣಿಯ ಕೆಳಗೆ ಕತ್ತೆತ್ತಿ ನಿಂತೆ. ಅವನು ಕೊ ಬರೆದ, ನಾನು ಮಣ್ಣಿನಲ್ಲಿ ಕೊ ಬರೆದೆ. ಅವನು ಳ್ಳೇ ಬರೆದ. ಅದು ನನ್ನ ಕೈಯಲ್ಲಿ ಮುರಿದ ಮಂಚದ ಹಾಗೆ ಬಂತು. ಸಂಜೆಗೆ ನಂಜುಂಡಯ್ಯನವರು ಕೋಟು ತೊಟ್ಟು ಹೊರಬಂದು, ಮಣ್ಣಿನಲ್ಲಿದ್ದ ಊರಿನ ಹೆಸರನ್ನು ಓದಿ, ಅಪ್ಪನನ್ನು ಕರೆದು ತೋರಿಸಿದರು. ಅಂದಿನಿಂದ ಅವರೇ ನನಗೆ ಗುರು. ಪಾರ್ಸೆಲ್ಲಿನ ಮೇಲಿನ ವಿಳಾಸಗಳೇ ಪುಸ್ತಕ. ಇಂಗ್ಲಿಷಿನ ಎಂ ನನಗೆ ಮೈಸೂರಿನದು, ಬಿ ಬೆಂಗಳೂರಿನದು. ಅಪ್ಪನಿಗೆ ಎಷ್ಟು ಹೇಳಿಕೊಟ್ಟರೂ ಹತ್ತಲಿಲ್ಲ. ಅವನು ಗಂಟುಗಳನ್ನು ಅವುಗಳ ಆಕಾರದಿಂದ, ವಾಸನೆಯಿಂದ, ಮುಖ್ಯವಾಗಿ ತನ್ನ ಹೊಲಿಗೆಯಿಂದ ಗುರುತಿಸುತ್ತಿದ್ದ. ಗೋಣಿತಟ್ಟಿನ ಬಾಯಿಯನ್ನು ದಬ್ಬಳದಿಂದ ಹೊಲಿಯುವುದರಲ್ಲಿ ಅವನಿಗೆ ಸಾಟಿ ಇರಲಿಲ್ಲ. ಕಲ್ಲಿನ ಮೇಲೆ ಎತ್ತಿ ಒಗೆದರೂ ಬಿಚ್ಚದು. ಗುಟ್ಟು ತಿಳಿದವನು ಒಂದು ತುದಿಯನ್ನು ಹಿಡಿದು ಎಳೆದರೆ ಸರ್ರನೆ ಇಡೀ ಬಾಯಿ ಬಿಚ್ಚಿಕೊಳ್ಳುತ್ತದೆ.

ಊರಿಗೆ ನಿಜವಾದ ರೈಲು ಬರುತ್ತದೆ ಎಂಬ ಸುದ್ದಿ ಎರಡು ವರ್ಷಕ್ಕೊಂದು ಸಲವಾದರೂ ಏಳುತ್ತಿತ್ತು. ಒಂದು ಸಲ ಸರ್ವೆಯವರೇ ಬಂದುಬಿಟ್ಟರು. ಕೆಂಪು ಬಿಳಿ ಕೋಲು, ಸರಪಳಿ, ಮೂರು ಕಾಲಿನ ದುರ್ಬೀನು. ನಂಜುಂಡಯ್ಯನವರು ಆ ವಾರ ಕೋಟನ್ನು ಇಡೀ ದಿನ ತೊಟ್ಟಿದ್ದರು. ಅಪ್ಪ ನೇತುಹಾಕಿದ ಹಳಿಯ ತುಂಡಿಗೆ ಎಣ್ಣೆ ಸವರಿ, ಅರಿಶಿನ ಕುಂಕುಮ ಹಚ್ಚಿದ. ಸರ್ವೆಯವರು ರಾಗಿಹೊಲಗಳಲ್ಲಿ ಕಲ್ಲು ನೆಟ್ಟು, ಅವ್ವ ಮಾಡಿದ ಅವರೆಕಾಳು ಸಾರು ಮೂರು ದಿನ ಉಂಡು, ಹೋದರು. ಕಲ್ಲುಗಳಿಗೆ ದನ ಮೈ ಉಜ್ಜಿಕೊಂಡವು. ರೈಲು ಬರಲಿಲ್ಲ. ಬದಲಿಗೆ ಬಸ್ಸುಗಳು ಬಂದವು, ಊರೂರಿಗೆ ಲಾರಿ ಸರ್ವಿಸುಗಳು ಬಂದವು. ಸೀರೆ ವ್ಯಾಪಾರಿಗಳು ಮಾಲನ್ನು ನೇರ ಬೆಂಗಳೂರಿಗೇ ಲಾರಿಯಲ್ಲಿ ಕಳಿಸತೊಡಗಿದರು. ನಮ್ಮ ನಡುಮನೆ ಖಾಲಿಯಾಗುತ್ತ ಬಂತು. ಜಾಗ ಇಲ್ಲ ಎಂದು ಜಗಳವಾಡುತ್ತಿದ್ದ ಅವ್ವ ಈಗ ಖಾಲಿ ನೆಲವನ್ನು ದಿನಕ್ಕೆರಡು ಸಲ ಸಾರಿಸುತ್ತಿದ್ದಳು. ನಾನು ಪಿ.ಯು.ಸಿ. ಮುಗಿಸಿದ ಬೇಸಿಗೆಯಲ್ಲಿ ಕಂಟ್ರಾಕ್ಟರಿಗೆ ಕಾಗದ ಬಂತು: ಆ ತಿಂಗಳ ಕೊನೆಗೆ ಏಜೆನ್ಸಿ ಬಂದ್. ಮನೆಯನ್ನೂ ಬಿಡಬೇಕು.

ಆದರೆ ಅದೇ ವಾರ ನಾನು ಪಾಸಾಗಿದ್ದೆ. ಅದೂ ಫಸ್ಟ್ ಕ್ಲಾಸಿನಲ್ಲಿ. ನಂಜುಂಡಯ್ಯನವರು ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನ ಅರ್ಜಿ ತರಿಸಿಕೊಟ್ಟರು. ನಮ್ಮಂಥವರ ಮಕ್ಕಳಿಗೆ ಅಲ್ಲಿ ಊಟ, ವಸತಿ ಪುಕ್ಕಟೆಯ ಹಾಸ್ಟೆಲ್ ಇತ್ತು. ಅರ್ಜಿ ಮುಟ್ಟಲು ಕೊನೆಯ ದಿನ ಒಂದು ಶನಿವಾರ, ಮಧ್ಯಾಹ್ನ ಒಂದು ಗಂಟೆ. ಇತ್ತ ಅತ್ತೆ ಹನೂರಿನಿಂದ ಬಂದು ನಡುಮನೆಯಲ್ಲಿ ಕೂತಿದ್ದಳು. ಅವಳ ಮಗ ಒಳ್ಳೆಯ ಹುಡುಗ, ಎರಡು ಎಕರೆ ಸ್ವಂತ ಜಮೀನು. ಮನೆಯೂ ಕೆಲಸವೂ ಹೋಗುತ್ತಿರುವ ಹೊತ್ತಿನಲ್ಲಿ ಅಕ್ಕನ ಮಾತನ್ನು ತಳ್ಳಿಹಾಕುವುದು ಅಪ್ಪನಿಗೆ ಸುಲಭವಾಗಿರಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು: ಶನಿವಾರದೊಳಗೆ ಅರ್ಜಿ ಕಾಲೇಜಿಗೆ ಮುಟ್ಟಿದರೆ ನಾನು ಓದಲು ಹೋಗುವುದು, ಮುಟ್ಟದಿದ್ದರೆ ಅದರ ಮುಂದಿನ ಸೋಮವಾರ ವೀಳ್ಯ ಬದಲಾಯಿಸುವುದು. ಅತ್ತೆ ಒಪ್ಪಿಕೊಂಡು, ಸೋಮವಾರಕ್ಕೆ ಬೇಕಾಗುತ್ತದೆ ಎಂದು ವೀಳ್ಯದೆಲೆಗೆ ಹೇಳಿಯೂ ಕಳಿಸಿದಳು.

ಆ ಶನಿವಾರಕ್ಕೆ ಮೊದಲಿನ ಸೋಮವಾರ ಅರ್ಜಿ ಭರ್ತಿ ಮಾಡಿದೆ. ನಂಜುಂಡಯ್ಯನವರು ಮಗಳ ಹೆರಿಗೆಗೆಂದು ನಂಜನಗೂಡಿಗೆ ಹೋಗಿದ್ದರು. ಅವರ ಬದಲು ಕಂಟ್ರಾಕ್ಟರ ಅಳಿಯ ಬುಕಿಂಗಿಗೆ ಕೂತಿದ್ದ. ಅರ್ಜಿಯ ಜೊತೆ ಅಸಲು ಅಂಕಪಟ್ಟಿ, ಟಿ.ಸಿ. ಎಲ್ಲ ಇಡಬೇಕಿತ್ತು. ಕಳೆದರೆ ಮತ್ತೆ ಹುಟ್ಟದ ಕಾಗದಗಳು. ಅಂಚೆಗೆ ಹಾಕೋಣ ಎಂದೆ. ಅಪ್ಪ ನನ್ನನ್ನು ನೋಡಿದ ರೀತಿ, ನಮ್ಮ ಮನೆಯ ಮಗಳು ಬೇರೆಯವರ ಬಾವಿಯಿಂದ ನೀರು ತರುತ್ತೇನೆ ಎಂದ ಹಾಗಿತ್ತು.

"ಅಂಚೆ ಚೀಲ್ವ ಬಸ್ಸಿನ್ ಮ್ಯಾಲೆ ಎಂಗೆ ಎಸೀತಾರೆ, ಕಂಡಿದ್ದೀಯಾ ಕೂಸೇ? ನಾನಿಲ್ಲಿಗ್ ಬಂದಾಗ್ಲಿಂದ ಒಂದು ಗಂಟು ಕಳ್ದಿಲ್ಲ. ನಮ್ ಇಲಾಖೇಲಿ ಓಗ್ಲಿ. ರಸೀದಿ ಕೊಡ್ತಾರೆ."

ನನಗೂ ಸರಿ ಎನ್ನಿಸಿತು. ಸರಿ ಎನ್ನಿಸುವುದೇನು, ರೋಮಾಂಚನವೇ ಆಯಿತು. ಹುಟ್ಟಿದಾಗಿನಿಂದ ಊರಿನವರ ಗಂಟುಗಳು ಹೋಗುವುದನ್ನು ನೋಡಿದವಳು ನಾನು. ಈಗ ನನ್ನದೇ ಒಂದು ಗಂಟು ಹೊರಡುತ್ತಿದೆ. ಅಪ್ಪ ಕಾಗದಗಳನ್ನು ಎರಡು ರಟ್ಟಿನ ನಡುವೆ ಇಟ್ಟು, ನೀರು ತಾಗದ ಮೇಣಗಪ್ಪಡದಲ್ಲಿ ಸುತ್ತಿದ. ಎಷ್ಟು ಹಗುರವಾದರೂ ಹತ್ತು ಕಿಲೋದ ಬಾಡಿಗೆಯನ್ನೇ ಹಿಡಿಯುತ್ತಾರೆ ಎಂದು ಗೊತ್ತಾದದ್ದೇ ಅವ್ವ, ಜಾಗ ಯಾಕೆ ದಂಡ ಮಾಡಬೇಕು ಎಂದು, ಹಾಸ್ಟೆಲಿನವರಿಗೆ ಇರಲಿ ಅಂತ ಐದು ಸೇರು ಹುರುಳಿಯನ್ನೂ ಒಂದು ದೊಡ್ಡ ಉಂಡೆ ಹುಣಸೆಹಣ್ಣನ್ನೂ ಜೊತೆಗೆ ಇಟ್ಟಳು. ಅಪ್ಪ ಗೋಣಿಯಲ್ಲಿ ಕಟ್ಟಿ, ತನ್ನ ಜೀವಮಾನದ ಹೊಲಿಗೆ ಹಾಕಿ, ಅರಗಿನ ಮುದ್ರೆ ಒತ್ತಿಸಿದ. ನಾನು ಕುಂಚ ಹಿಡಿದು ಪ್ರಿನ್ಸಿಪಾಲರ ಹೆಸರು, ಮೈಸೂರು ಸ್ಟೇಷನ್ ಎಂದು ದೊಡ್ಡದಾಗಿ ಬರೆದೆ. ಕಂಟ್ರಾಕ್ಟರ ಅಳಿಯ ಒಳಗೇನಿದೆ ಎಂದು ಕೇಳಿದ. ಅಪ್ಪ ಹುರುಳಿ ಎಂದ. ಅವನು ಹುರುಳಿ ಎಂದೇ ಬರೆದುಕೊಂಡ. ಲಾರಿ ಹೊರಟಾಗ ಅಪ್ಪ ಹಳಿಯ ತುಂಡಿಗೆ ಸುತ್ತಿಗೆಯಿಂದ ಮಾಮೂಲಿಗಿಂತ ಎರಡು ಏಟು ಜಾಸ್ತಿಯೇ ಬಡಿದ. ರಸೀದಿಯನ್ನು ಒಳಗೆ ತಂದು, ಮಾದಪ್ಪನ ಪಟದ ಕೆಳಗಿಟ್ಟು, ವಿಭೂತಿ ಇಟ್ಟು ಕೈಮುಗಿದ. ರಸೀದಿ ಜೋಪಾನವಾಗಿದ್ದರೆ ಮಾಲು ಜೋಪಾನ. ಅದು ಅವನ ವೇದವಾಕ್ಯ.

ಶುಕ್ರವಾರ ಸಂಜೆ ನಂಜುಂಡಯ್ಯನವರು ಬಂದರು. ಮೊಮ್ಮಗು ಹುಟ್ಟಿದ ಸಕ್ಕರೆ ಕೊಡಲು ಒಳಗೆ ಬಂದವರು ದೇವರ ಗೂಡಿನ ಕಡೆ ಕೈ ಮುಗಿಯುತ್ತ ಹಾಗೇ ನಿಂತರು. ಆ ರಸೀದಿ ಯಾವುದು ಎಂದು ಕೇಳಿದರು. ಅಪ್ಪ ಹೆಮ್ಮೆಯಿಂದ ಎಲ್ಲ ಹೇಳಿದ. ಅವರು ಸಕ್ಕರೆಯ ಪೊಟ್ಟಣವನ್ನು ನೆಲದ ಮೇಲೇ ಇಟ್ಟುಬಿಟ್ಟರು.

"ಪುಟ್ಟಮಾದಯ್ಯ, ರಸೀದಿ ಇಲ್ಲಿದ್ರೆ ಅವರು ಗಂಟನ್ನ ಹೇಗಯ್ಯಾ ಬಿಡಿಸ್ಕೊಳ್ತಾರೆ?"

ವಿಷಯ ಇಷ್ಟೇ. ರೈಲು ಗಂಟನ್ನು ಮೈಸೂರು ಸ್ಟೇಷನ್ನಿನ ತನಕ ಒಯ್ಯುತ್ತದೆ, ಯಾರ ಮನೆ ಬಾಗಿಲಿಗೂ ಕೊಡುವುದಿಲ್ಲ. ಕಳಿಸಿದವರು ರಸೀದಿಯನ್ನು ಅಂಚೆಯಲ್ಲಿ ಆ ಕಡೆಯವರಿಗೆ ಕಳಿಸಬೇಕು. ಅವರು ಅದನ್ನು ತೋರಿಸಿ ಬಿಡಿಸಿಕೊಳ್ಳಬೇಕು. ಅಷ್ಟು ವರ್ಷ ಸೀರೆ ವ್ಯಾಪಾರಿಗಳು ರಸೀದಿಯನ್ನು ಜೇಬಿಗಿಟ್ಟುಕೊಂಡು ಹೋಗುವುದನ್ನು ನಾವು ನೋಡಿದ್ದೆವು. ಅಂಗಡಿಗೆ ಹೋಗಿ ಅದನ್ನು ಲಕೋಟೆಗೆ ಹಾಕುತ್ತಿದ್ದುದನ್ನು ನೋಡಿರಲಿಲ್ಲ. ಗಂಟು ಹೊರಡುವ ತನಕದ್ದು ನಮಗೆ ಎಲ್ಲ ಗೊತ್ತಿತ್ತು, ತಲುಪುವುದು ಹೇಗೆ ಎಂದು ಗೊತ್ತಿರಲಿಲ್ಲ. ನನ್ನ ಅಸಲು ಅಂಕಪಟ್ಟಿ ಹುರುಳಿಯ ಜೊತೆ ಮೈಸೂರಿನ ಗೋಡೌನಿನಲ್ಲಿ ಮೂರು ದಿನದಿಂದ ಬಿದ್ದಿತ್ತು.

ಅಪ್ಪನ ಮುಖ ನೋಡಲಾಗಲಿಲ್ಲ. ಅತ್ತೆ ಮೂಲೆಯಿಂದ, ಮಾದಪ್ಪನ ಮನಸ್ಸಿನಲ್ಲಿ ಇರುವುದೇ ಹಾಗೆ, ರಸೀದಿಯನ್ನು ಅವನೇ ಹಿಡಿದಿಟ್ಟುಕೊಂಡ ಎಂದಳು. ಅವಳ ದನಿಯಲ್ಲಿ ಗೆಲುವಿರಲಿಲ್ಲ, ನಿಜವಾಗಿ ಹಾಗೇ ನಂಬಿದ್ದಳು. ಅವ್ವ ರಾಟೆಯಿಂದ ಎದ್ದು ಬಂದು, ಪಟದ ಕೆಳಗಿನಿಂದ ರಸೀದಿಯನ್ನು ತೆಗೆದು, ವಿಭೂತಿಯನ್ನು ಊದಿ, ಅಪ್ಪನ ಕೈಗಿಟ್ಟಳು.

"ಮಾದಪ್ಪಂಗೆ ಹುರುಳಿ ಏನ್ಮಾಡಕ್ಕೆ? ಬೆಳಿಗ್ಗೆ ಮೊದ್ಲು ಬಸ್ಸಿಗೆ ಒರಡಿ."

ಬೆಳಗಿನ ಮೊದಲ ಬಸ್ಸು ನರಸೀಪುರದ ಹೊಳೆ ದಾಟುವಾಗ ಸೂರ್ಯ ಏಳುತ್ತಿದ್ದ. ನಾನು ಅದುವರೆಗೆ ಮೈಸೂರು ಕಂಡವಳಲ್ಲ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಆದರೆ ಹೆದರಿಕೆಗಿಂತ ಜೋರಾಗಿ ಇನ್ನೇನೋ ಎದೆಯಲ್ಲಿ ಕುಣಿಯುತ್ತಿತ್ತು. ಮೊದಲ ಸಲ ಗಂಟಿನ ಹಿಂದೆಯೇ ನಾನೂ ಹೊರಟಿದ್ದೆ. ಅಪ್ಪ ದಾರಿಯುದ್ದಕ್ಕೂ ಮಡಿಸಿದ ರಸೀದಿಯನ್ನು ಮುಷ್ಟಿಯಲ್ಲೇ ಇಟ್ಟುಕೊಂಡಿದ್ದ.

ಪಾರ್ಸೆಲ್ ಆಫೀಸಿನ ಗುಮಾಸ್ತರು ಒಳ್ಳೆಯವರೇ. ರಸೀದಿ ನೋಡಿ, ಗಂಟು ಬಂದಿದೆ, ಆದರೆ ಇದು ಪ್ರಿನ್ಸಿಪಾಲರ ಹೆಸರಿಗಿದೆ, ಅವರೇ ಬರಬೇಕು, ಇಲ್ಲವೆ ರಸೀದಿಯ ಬೆನ್ನಿಗೆ ಅವರ ರುಜು ಬೇಕು ಎಂದರು. ನಾವೇ ಕಳಿಸಿದ್ದು ಎಂದು ಅಪ್ಪ ಎಷ್ಟು ಹೇಳಿದರೂ, ಕಳಿಸಿದ ಮೇಲೆ ಅದು ನಿಮ್ಮದಲ್ಲವಲ್ಲ ಎಂದರು. ಅಪ್ಪನಿಗೆ ಅದು ತಟ್ಟನೆ ಅರ್ಥವಾಯಿತು. ಇಷ್ಟು ವರ್ಷ ಅವನೂ ಜನಕ್ಕೆ ಅದನ್ನೇ ಹೇಳಿದವನು. ಸರಿ ಎಂದು ತಲೆಯಾಡಿಸಿ ಹೊರಬಂದ. ಜಟಕಾದವನು ಎರಡು ರೂಪಾಯಿ ಕೇಳಿದಾಗ, ಕುದುರೆಗಿಂತ ನಾವೇ ವಾಸಿ ಎಂದು ಓಡತೊಡಗಿದ. ನಾನು ಅವನ ಹಿಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಮೈಸೂರಿನ ಅಗಲ ರಸ್ತೆಗಳನ್ನು ನಾನು ಮೊದಲು ಕಂಡದ್ದು ಹೀಗೆ ಓಡುತ್ತ.

ಪ್ರಿನ್ಸಿಪಾಲರು ಬಿಳಿ ಸೀರೆಯ ಹಿರಿಯ ಹೆಂಗಸು. ಹನ್ನೊಂದೂವರೆಯವರೆಗೆ ಕಾಯಿಸಿ ಆಮೇಲೆ ಒಳಗೆ ಬಿಟ್ಟರು. ಅಪ್ಪ ಹೊಸ್ತಿಲಾಚೆಯೇ ನಿಂತ. ನಾನು ರಸೀದಿಯನ್ನು ಮೇಜಿನ ಮೇಲಿಟ್ಟು, ಇದರ ಹಿಂದೆ ರುಜು ಬೇಕು ಎಂದೆ. ಅವರು ಅದನ್ನು ತಿರುಗಿಸಿ ನೋಡಿ, ತಮಗೆ ಹುರುಳಿ ಕಳಿಸಿದವರು ಯಾರು ಎಂದು ಕೇಳಿದರು.

"ಅದರಲ್ಲಿ ನನ್ನ ಅರ್ಜಿ ಇದೆ ಮೇಡಂ."

"ಅರ್ಜೀನ ರೈಲಲ್ಲಿ ಕಳಿಸಿದೀಯಾ? ಎಲ್ಲಿಂದ?"

"ಕೊಳ್ಳೇಗಾಲದಿಂದ ಮೇಡಂ."

"ಕೊಳ್ಳೇಗಾಲಕ್ಕೆ ರೈಲೇ ಇಲ್ಲವಲ್ಲಮ್ಮಾ."

"ಸ್ಟೇಷನ್ ಇದೆ ಮೇಡಂ."

ಅವರು ಕನ್ನಡಕ ತೆಗೆದರು. ನನ್ನನ್ನು ನೋಡಿದರು, ಹೊಸ್ತಿಲಾಚೆ ಬೆವರು ಸುರಿಸುತ್ತ ನಿಂತಿದ್ದ ಅಪ್ಪನನ್ನು ನೋಡಿದರು. ನಗಲಿಲ್ಲ. ರುಜು ಹಾಕಿ, ಗಡಿಯಾರ ತೋರಿಸಿ, ಒಂದು ಗಂಟೆಗೆ ಕಚೇರಿ ಮುಚ್ಚುತ್ತೇವೆ, ಆಮೇಲೆ ತಂದರೆ ನಾನೂ ಏನೂ ಮಾಡಲಾರೆ ಎಂದರು.

ಮತ್ತೆ ಓಟ. ಗೋಡೌನಿನಲ್ಲಿ ಗಂಟುಗಳು ಛಾವಣಿಯ ತನಕ ಪೇರಿಸಿದ್ದವು. ಗುಮಾಸ್ತರು ನಂಬರ್ ಹಿಡಿದು ಒಂದು ಸಾಲು ಹುಡುಕಿದರು, ಇನ್ನೊಂದು ಸಾಲು ಹುಡುಕಿದರು. ನಾನು ಅಕ್ಷರ ಓದುತ್ತ ಓದುತ್ತ ಕಣ್ಣು ಕತ್ತಲಿಟ್ಟು ನಿಂತಾಗ ಅಪ್ಪ ಬಾಗಿಲಿನಿಂದಲೇ ಒಳಗೊಮ್ಮೆ ಕಣ್ಣು ಹಾಯಿಸಿ, ಮೂಲೆಯ ರಾಶಿಯ ತಳದತ್ತ ಕೈ ತೋರಿಸಿದ.

"ಅಗೋ. ಅದು ನನ್ ಹೊಲಿಗೆ."

ನಾಲ್ಕು ಗಂಟು ಸರಿಸಿದರೆ ಅದೇ. ಹೊರಗೆ ತಂದು ಬಿಚ್ಚಿ ಕಾಗದ ಮಾತ್ರ ತೆಗೆದುಕೊಳ್ಳೋಣ ಎಂದೆ. ಅಪ್ಪ ಕೇಳಲಿಲ್ಲ. ಹೆಸರು ಯಾರದಿದೆಯೋ ಅವರ ಎದುರೇ ಬಿಚ್ಚಬೇಕು, ದಾರಿಯಲ್ಲಿ ಮುದ್ರೆ ಒಡೆಯಬಾರದು, ಅದು ಇಲಾಖೆಯ ಮರ್ಯಾದೆ ಎಂದು ತಲೆಯ ಮೇಲೇರಿಸಿಕೊಂಡ. ಹೀಗೆ ಒಂದು ಶನಿವಾರ ಮಧ್ಯಾಹ್ನ ಮೈಸೂರಿನ ರಸ್ತೆಯಲ್ಲಿ ಒಬ್ಬ ಹಮಾಲಿ ಗಂಟು ಹೊತ್ತು ಓಡುತ್ತಿದ್ದ, ಅವನ ಮಗಳು ಮುಂದೆ ಮುಂದೆ ಓಡುತ್ತ ದಾರಿ ಬಿಡಿಸುತ್ತಿದ್ದಳು. ನನಗೆ ಆಗ ನಾಚಿಕೆಯಾಗಲಿಲ್ಲ. ಈಗಲೂ ಇಲ್ಲ. ಅಷ್ಟು ಹಗುರವಾಗಿ ನಾನು ಮತ್ತೆಂದೂ ಓಡಿಲ್ಲ.

ಒಂದಕ್ಕೆ ಹತ್ತು ನಿಮಿಷ ಇರುವಾಗ ಅಪ್ಪ ಗಂಟನ್ನು ಕಚೇರಿಯ ನೆಲದ ಮೇಲೆ ಇಳಿಸಿದ. ಪ್ರಿನ್ಸಿಪಾಲರೂ ಹೊರಗೆ ಬಂದರು. ಒಬ್ಬ ಗುಮಾಸ್ತ ಚಾಕು ಹುಡುಕಲು ಹೊರಟ. ಅಪ್ಪ ಬೇಡವೆಂದು ಕೈ ಮಾಡಿ, ಅರಗನ್ನು ಹೆಬ್ಬೆರಳಿನಿಂದ ಚಿಮ್ಮಿ, ದಾರದ ತುದಿಯನ್ನು ಹಿಡಿದು ಒಂದೇ ಸಲ ಎಳೆದ. ಸರ್ರನೆ ಬಾಯಿ ಬಿಚ್ಚಿಕೊಂಡಿತು. ಮೊದಲು ಹುಣಸೆಹಣ್ಣಿನ ವಾಸನೆ ಬಂತು, ಆಮೇಲೆ ಹುರುಳಿ ನೆಲದ ತುಂಬ ಚೆಲ್ಲಿತು, ಕೊನೆಗೆ ಮೇಣಗಪ್ಪಡದ ಒಳಗಿನಿಂದ ನನ್ನ ಅರ್ಜಿ ಒಂದು ಮಡಿಕೆಯೂ ಇಲ್ಲದೆ ಹೊರಬಂತು. ಗುಮಾಸ್ತರು ಅದಕ್ಕೆ ಸೀಲು ಒತ್ತಿದರು. ಪ್ರಿನ್ಸಿಪಾಲರು ಅಂಕಪಟ್ಟಿಯನ್ನು ನಿಂತಲ್ಲೇ ಓದಿ, ಯಾವ ವಿಷಯ ತೆಗೆದುಕೊಳ್ಳುತ್ತೀಯ ಎಂದು ಕೇಳಿದರು. ಇತಿಹಾಸ ಎಂದೆ. ಬುಧವಾರ ಹಾಸಿಗೆ ಸುತ್ತಿಕೊಂಡು ಬಾ ಎಂದರು. ಅಪ್ಪ ಮಾತ್ರ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ; ಮಂಡಿಯೂರಿ ಹುರುಳಿಯನ್ನು ಒಂದೊಂದೇ ಕಾಳು ಆಯುತ್ತಿದ್ದ. ಅವನ ಭುಜ ಅಲುಗುತ್ತಿತ್ತು. ನಾನೂ ಕೂತು ಆಯತೊಡಗಿದೆ.

ಸೋಮವಾರ ಅತ್ತೆಯ ವೀಳ್ಯದೆಲೆಯನ್ನು ಎಲ್ಲರೂ ಜಗಿದು ಖರ್ಚು ಮಾಡಿದರು. ನಮ್ಮ ಗಂಟಿನ ನಂತರ ಆ ಸ್ಟೇಷನ್ನಿನಿಂದ ಹೊರಟದ್ದು ಮೂರೇ ಪಾರ್ಸೆಲ್ ಎಂದು ನಂಜುಂಡಯ್ಯನವರು ಆಮೇಲೆ ಹೇಳಿದರು. ತಿಂಗಳ ಕೊನೆಗೆ ಬೋರ್ಡು ಇಳಿಸಿದರು, ತೂಕದ ಯಂತ್ರವನ್ನು ಅಗೆದು ತೆಗೆದರು. ಅದಿದ್ದ ಜಾಗದಲ್ಲಿ ಒಂದು ಹಳ್ಳ ಉಳಿಯಿತು. ನಾನು ಆಗ ಹಾಸ್ಟೆಲಿನಲ್ಲಿದ್ದೆ, ನೋಡಲಿಲ್ಲ. ಅಪ್ಪ ಅವ್ವ ನೇಕಾರರ ಬೀದಿಯ ಒಂದು ಕೋಣೆಗೆ ಹೋದರು. ಅಪ್ಪ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರತೊಡಗಿದ.

ಮೂರು ವರ್ಷ ಸುಲಭವಾಗಿತ್ತು ಎಂದು ಹೇಳಲಾರೆ. ಲೇಬಲ್ಲಿನಲ್ಲಿ ಕಲಿತ ಇಂಗ್ಲಿಷು ಪುಸ್ತಕದಲ್ಲಿ ಸಾಕಾಗಲಿಲ್ಲ. ಮೊದಲ ವರ್ಷ ಇಂಗ್ಲಿಷಿನಲ್ಲಿ ಫೇಲಾದೆ. ಊರಿಗೆ ಹೋಗಿ ಹೇಳಿದಾಗ ಅವ್ವ ರಾಟೆ ನಿಲ್ಲಿಸದೆ, ಮತ್ತೆ ಬರೆಯಲು ಬಿಡುತ್ತಾರಾ ಎಂದು ಕೇಳಿದಳು. ಬಿಡುತ್ತಾರೆ ಎಂದೆ. ಹಾಗಾದರೆ ಇನ್ನೇನು, ಎದ್ದು ಉಣ್ಣು ಎಂದಳು. ಮತ್ತೆ ಬರೆದೆ, ಪಾಸಾದೆ. ಮುಂದಿನ ಎರಡು ವರ್ಷ ಒಂದು ಪುಟವನ್ನು ಮೂರು ಸಲ ಓದಿದೆ; ಮೊದಲ ಸಲ ಶಬ್ದಕ್ಕೆ, ಎರಡನೆಯ ಸಲ ಅರ್ಥಕ್ಕೆ, ಮೂರನೆಯ ಸಲ ನೆನಪಿಗೆ. ಹಾಸ್ಟೆಲಿನ ಹುಡುಗಿಯರು ನನ್ನ ಮಾತು ಅನುಕರಿಸಿ ನಗುತ್ತಿದ್ದರು. ಕೊನೆಯ ಪರೀಕ್ಷೆಗೆ ಅವರೇ ನನ್ನ ಟಿಪ್ಪಣಿ ಇಸಕೊಂಡು ಓದಿದರು.

ಸರ್ಟಿಫಿಕೇಟು ಬಂದಿದೆ ಎಂದು ತಿಳಿದ ದಿನ ಅಪ್ಪ ಮಾರುಕಟ್ಟೆಗೆ ರಜೆ ಹೇಳಿ, ಹೊಸ ಪಂಚೆ ಉಟ್ಟು, ನನ್ನ ಜೊತೆ ಮೈಸೂರಿಗೆ ಬಂದ. ಕಾಲೇಜಿನ ಕಚೇರಿಯ ಕಿಟಕಿಯ ಮುಂದೆ ಉದ್ದ ಸಾಲಿತ್ತು. ಅಪ್ಪ ಸಾಲಿನ ಪಕ್ಕದಲ್ಲಿ, ನಾನು ಒಂದು ಹೆಜ್ಜೆ ಮುಂದಿಟ್ಟರೆ ತಾನೂ ಒಂದು ಹೆಜ್ಜೆ ಇಡುತ್ತ ಬಂದ. ಗುಮಾಸ್ತರು ನನ್ನ ಹೆಸರು ಕೂಗಿದರು, ಪುಸ್ತಕದಲ್ಲಿ ರುಜು ಹಾಕಿಸಿಕೊಂಡರು, ದಪ್ಪ ಕಾಗದವನ್ನು ಕಿಟಕಿಯಾಚೆ ಚಾಚಿದರು. ನಾನು ಅದನ್ನು ತೆಗೆದುಕೊಂಡು, ನೋಡದೆಯೇ ಅಪ್ಪನಿಗೆ ಕೊಟ್ಟೆ. ಅವನು ಅಂಗೈಯನ್ನು ಹೆಗಲ ಟವೆಲ್ಲಿಗೆ ಎರಡು ಸಲ ಒರೆಸಿಕೊಂಡು, ಅಂಚಿನಲ್ಲಷ್ಟೇ ಹಿಡಿದು, ಬೆಳಕಿಗೆ ತಂದ. ಇದರಲ್ಲಿ ನಿನ್ನ ಹೆಸರು ಎಲ್ಲಿದೆ ಎಂದು ಕೇಳಿದ. ನಾನು ಮಾದೇವಿ ಎನ್ನುವುದರ ಮೇಲೆ ಬೆರಳಿಟ್ಟು ತೋರಿಸಿದೆ. ಅವನು ಮೂಟೆ ಹೊತ್ತು ದಡ್ಡುಗಟ್ಟಿದ ತನ್ನ ಬೆರಳನ್ನು ಕಾಗದಕ್ಕೆ ತಾಗಿಸದೆ, ಮೇಲಿನಿಂದಲೇ, ಹೆಸರಿನ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ತಂದು ನಿಲ್ಲಿಸಿದ.

"ಇಷ್ಟೇಯಾ? ನಿಮ್ಮವ್ವ ಕೂಗ್ದಾಗ ಇದ್ಕಿಂತ ಉದ್ದ ಇರ್ತದಲ್ಲ ಕೂಸೇ."